ಹೃದಯ ದಿನದ ಜಾಥಾ ಮುಗಿದ ಮೇಲೆ: ಮಲೆನಾಡಿನ ಮೂರು ತಾಲ್ಲೂಕುಗಳು ಮತ್ತು ಮೊದಲ ಒಂದು ಗಂಟೆ

ಕೊಪ್ಪ: ಸೆಪ್ಟೆಂಬರ್ 29 ಬಂತೆಂದರೆ ರಾಜ್ಯದ ಪಟ್ಟಣಗಳ ಮುಖ್ಯರಸ್ತೆಗಳಲ್ಲಿ ನರ್ಸಿಂಗ್ ವಿದ್ಯಾರ್ಥಿಗಳ ಜಾಥಾ ಕಾಣಿಸಿಕೊಳ್ಳುತ್ತದೆ. ಬಿಳಿ ಸಮವಸ್ತ್ರ, ಕೆಂಪು ಹೃದಯದ ಫಲಕ, ಘೋಷಣೆ, ವೃತ್ತದಲ್ಲೊಂದು ಕಿರುನಾಟಕ, ಪಕ್ಕದ ಶಾಮಿಯಾನದಲ್ಲಿ ಉಚಿತ ರಕ್ತದೊತ್ತಡ ತಪಾಸಣೆ. ವಿಶ್ವ ಹೃದಯ ಒಕ್ಕೂಟವು 2000ದಲ್ಲಿ ಆರಂಭಿಸಿದ ವಿಶ್ವ ಹೃದಯ ದಿನವನ್ನು ಮೊದಲ ದಶಕದಲ್ಲಿ ಸೆಪ್ಟೆಂಬರ್ ತಿಂಗಳ ಕೊನೆಯ ಭಾನುವಾರ ಆಚರಿಸಲಾಗುತ್ತಿತ್ತು. 2011ರಿಂದ ಅದು 29ನೇ ತಾರೀಖಿಗೆ ನಿಗದಿಯಾಗಿದೆ. 2025ರ ಘೋಷವಾಕ್ಯ, ಒಂದು ಬಡಿತವೂ ತಪ್ಪದಿರಲಿ ಎಂಬುದಾಗಿತ್ತು.

ಈ ತಾರೀಖು ಮಲೆನಾಡಿಗೆ ಬರುವ ಹೊತ್ತೇ ಬೇರೆ. ಮಳೆ ಹಿಂದೆ ಸರಿಯುತ್ತಿರುತ್ತದೆ, ಅಡಿಕೆ ಕೊಯ್ಲಿಗೆ ಇನ್ನೂ ಕೈ ಹಾಕಿರುವುದಿಲ್ಲ, ಶೃಂಗೇರಿಯಲ್ಲಿ ಶರನ್ನವರಾತ್ರಿಯ ಸಿದ್ಧತೆ ನಡೆದಿರುತ್ತದೆ. 2025ರಲ್ಲಂತೂ ಹೃದಯ ದಿನವು ನವರಾತ್ರಿಯ ನಡುವೆಯೇ ಬಂತು. ಒಂದು ದಿನದ ಅರಿವು ಕಾರ್ಯಕ್ರಮಕ್ಕೆ ಇದಕ್ಕಿಂತ ಅನುಕೂಲದ ಹೊತ್ತು ಸಿಗಲಾರದು. ಆದರೆ ಹೃದಯಾಘಾತವು ಅನುಕೂಲದ ಹೊತ್ತನ್ನು ಕೇಳಿ ಬರುವುದಿಲ್ಲ. ಆಷಾಢದ ನಡುರಾತ್ರಿ, ವಿದ್ಯುತ್ ಇಲ್ಲದ ಒಂಟಿಮನೆಯಲ್ಲಿ ಎದೆನೋವು ಕಾಣಿಸಿಕೊಂಡ ವ್ಯಕ್ತಿಗೆ ಜಾಥಾದ ಫಲಕದಿಂದ ಆಗುವ ಪ್ರಯೋಜನವೇನು ಎಂಬ ಪ್ರಶ್ನೆಯನ್ನು ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಮಟ್ಟಿಗಾದರೂ ಗಂಭೀರವಾಗಿ ಕೇಳಬೇಕಾಗಿದೆ.

ಶೃಂಗೇರಿ ವಿಧಾನಸಭಾ ಕ್ಷೇತ್ರದಲ್ಲಿ ಒಟ್ಟಾಗಿರುವ ಈ ಮೂರು ತಾಲ್ಲೂಕುಗಳನ್ನು ಭೂಗೋಳವು ಮೂರು ದಿಕ್ಕಿಗೆ ಎಳೆದಿದೆ. ಜಿಲ್ಲಾ ಕೇಂದ್ರ ಚಿಕ್ಕಮಗಳೂರಾದರೂ ಹೃದಯದ ರಕ್ತನಾಳದ ತಡೆ ತೆರೆಸಲು ಹೊರಡುವ ರೋಗಿಗಳು ಸಾಮಾನ್ಯವಾಗಿ ಮುಖ ಮಾಡುವುದು ಶಿವಮೊಗ್ಗ, ಮಣಿಪಾಲ ಅಥವಾ ಮಂಗಳೂರಿನ ಕಡೆಗೆ. ನರಸಿಂಹರಾಜಪುರದಿಂದ ಶಿವಮೊಗ್ಗಕ್ಕೆ ಸುಮಾರು 50 ಕಿಲೋಮೀಟರ್. ಶೃಂಗೇರಿಯಿಂದ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಸುಮಾರು 80. ಕೆರೆಕಟ್ಟೆ, ಮಾಳ, ಕಾರ್ಕಳದ ದಾರಿಯಾಗಿ ಮಂಗಳೂರಿಗೆ ನೂರಕ್ಕೂ ಹೆಚ್ಚು. ಕಿಲೋಮೀಟರುಗಳ ಈ ಲೆಕ್ಕ ನಗರದ ಓದುಗರಿಗೆ ದೊಡ್ಡದೆನಿಸದಿರಬಹುದು. ಆದರೆ ಆಗುಂಬೆಯ ಹೇರ್‌ಪಿನ್ ತಿರುವುಗಳಲ್ಲಿ, ಮಂಜು ಕವಿದ ಮಳೆಗಾಲದಲ್ಲಿ, ಆಗಾಗ ಗುಡ್ಡ ಜರಿದು ಸಂಚಾರವೇ ನಿಲ್ಲುವ ದಿನಗಳಲ್ಲಿ ಆ ಲೆಕ್ಕವನ್ನು ಗಂಟೆಗಳಲ್ಲಿ ಮಾಡಬೇಕಾಗುತ್ತದೆ. ಅದಕ್ಕೂ ಮೊದಲು ತೋಟದ ಮನೆಯಿಂದ ಡಾಂಬರು ರಸ್ತೆಗೆ, ಅಲ್ಲಿಂದ ತಾಲ್ಲೂಕು ಕೇಂದ್ರಕ್ಕೆ ಬರುವ ಹೊತ್ತು ಬೇರೆಯೇ ಇದೆ.

ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಪ್ರಮುಖ ನಾಳವೊಂದು ಪೂರ್ತಿ ಮುಚ್ಚಿಕೊಂಡಾಗ ನಾಳವನ್ನು ಬಲೂನಿನಿಂದ ಹಿಗ್ಗಿಸಿ ಸ್ಟೆಂಟ್ ಇಡುವುದು ಉತ್ತಮ ಚಿಕಿತ್ಸೆಯೆಂಬುದರಲ್ಲಿ ವೈದ್ಯಲೋಕಕ್ಕೆ ಅನುಮಾನವಿಲ್ಲ. ಆದರೆ ರೋಗ ಪತ್ತೆಯಾದ ಸುಮಾರು 120 ನಿಮಿಷಗಳೊಳಗೆ ಅದು ಸಾಧ್ಯವಾಗದಿದ್ದಲ್ಲಿ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ತಡಮಾಡದೆ ನೀಡಿ, ಬಳಿಕ ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕೆಂದು ಅಂತಾರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತವೆ. ಮೇಲಿನ ದೂರಗಳನ್ನು ಈ 120 ನಿಮಿಷಗಳ ಪಕ್ಕದಲ್ಲಿಟ್ಟು ನೋಡಿದರೆ ಮಲೆನಾಡಿನ ಬಹುಪಾಲು ರೋಗಿಗಳ ಹಣೆಬರಹ ತೀರ್ಮಾನವಾಗುವುದು ಮಣಿಪಾಲದಲ್ಲೂ ಅಲ್ಲ, ಮಂಗಳೂರಿನಲ್ಲೂ ಅಲ್ಲ. ತಾಲ್ಲೂಕು ಆಸ್ಪತ್ರೆಯ ತುರ್ತು ಚಿಕಿತ್ಸಾ ಕೊಠಡಿಯಲ್ಲಿ ಎಂಬುದು ಸ್ಪಷ್ಟವಾಗುತ್ತದೆ.

ಹಾಸನದ ಆತಂಕ, ಸರ್ಕಾರದ ಹೆಜ್ಜೆ

ಈ ಮಾತು ರಾಜ್ಯದ ಗಮನಕ್ಕೆ ಬಂದದ್ದು ಎರಡು ಆಘಾತಗಳ ನಂತರ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ನಿಧನರಾದರು. ಅವರ ಹೆಸರಿನಲ್ಲಿಯೇ 2023ರ ಕೊನೆಯಲ್ಲಿ ಪ್ರಕಟವಾದ ಹೃದಯಜ್ಯೋತಿ ಯೋಜನೆಯು ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳನ್ನು ಜಯದೇವ ಹೃದ್ರೋಗ ಸಂಸ್ಥೆಯಂತಹ ಕೇಂದ್ರಗಳೊಂದಿಗೆ ಜೋಡಿಸುತ್ತದೆ. ಚಕ್ರದ ಗುಂಬ ಮತ್ತು ಅರಗಳ ಮಾದರಿ ಇದು. ಅರದ ತುದಿಯಲ್ಲಿರುವ ಸಣ್ಣ ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಗುಂಬದಲ್ಲಿರುವ ತಜ್ಞರು ಓದುತ್ತಾರೆ. ಹೃದಯಾಘಾತ ಖಚಿತವಾದರೆ ಹತ್ತಾರು ಸಾವಿರ ರೂಪಾಯಿ ಬೆಲೆಯ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ನೀಡಲಾಗುತ್ತದೆ.

ಎರಡನೆಯದು ನೆರೆಯ ಹಾಸನದ್ದು. 2025ರ ಮೇ ಕೊನೆಯಿಂದ ಸುಮಾರು 40 ದಿನಗಳ ಅವಧಿಯಲ್ಲಿ ಅಲ್ಲಿ 20ಕ್ಕೂ ಹೆಚ್ಚು ಮಂದಿ, ಅವರಲ್ಲಿ ಹಲವರು ಯುವಕರು, ಹಠಾತ್ತನೆ ಮೃತಪಟ್ಟ ಸುದ್ದಿ ರಾಜ್ಯವನ್ನು ಕಂಗೆಡಿಸಿತು. ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿ, ನಾಲ್ಕಕ್ಕೆ ಹೃದಯದೊಂದಿಗೆ ಸಂಬಂಧವೇ ಇಲ್ಲ, ಹತ್ತು ಖಚಿತ ಹೃದಯಾಘಾತ, ಉಳಿದವು ಹೃದ್ರೋಗದಿಂದ ಆಗಿರಬಹುದಾದವು ಎಂದಿತು. ಜಿಲ್ಲೆಯಲ್ಲಿ ಅಸಹಜ ಏರಿಕೆ ಕಂಡುಬಂದಿಲ್ಲವೆಂದೂ, ಕೋವಿಡ್ ಲಸಿಕೆಯೊಂದಿಗೆ ಸಂಬಂಧವಿಲ್ಲವೆಂದೂ ಸಮಿತಿ ತಿಳಿಸಿತು. ಅಷ್ಟರಲ್ಲಿ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ನಸುಕಿನಿಂದಲೇ ಸಾಲು ನಿಂತಾಗಿತ್ತು. ಎದೆನೋವೇ ಇಲ್ಲದವರು ಆ ಸಾಲಿನಲ್ಲಿ ಬಹುಸಂಖ್ಯೆಯಲ್ಲಿದ್ದರು ಎಂಬುದು ಅರಿವಿಗೂ ಭಯಕ್ಕೂ ಇರುವ ಅಂತರವನ್ನು ತೋರಿಸಿತು.

ಸಮಿತಿಯ ವರದಿಯ ಬೆನ್ನಲ್ಲಿ, 2025ರ ಜುಲೈನಲ್ಲಿ, ಹೃದಯಜ್ಯೋತಿಯನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಪ್ರಕಟಿಸಿದರು. ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ನಡೆಸಬೇಕು ಎಂಬ ತೀರ್ಮಾನವೂ ಹೊರಬಿತ್ತು. ಎಲ್ಲ ತಾಲ್ಲೂಕು ಎಂದ ಮೇಲೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳೂ ಅದರಲ್ಲಿ ಸೇರಿದವು. ಇಲ್ಲಿಯವರೆಗೆ ಸರಿಯೇ. ಆದರೆ ಯೋಜನೆಯ ಕುರಿತ ಪ್ರಕಟಣೆಗಳಲ್ಲಿ ಯಂತ್ರದ ಮಾತಿದೆ, ತಂತ್ರಾಂಶದ ಮಾತಿದೆ, ಚುಚ್ಚುಮದ್ದಿನ ಬೆಲೆಯ ಮಾತಿದೆ. ಆ ಯಂತ್ರದ ತಂತಿಗಳನ್ನು ರೋಗಿಯ ಎದೆಗೆ ಅಂಟಿಸುವ ಕೈಗಳ ಮಾತು ಅಷ್ಟಾಗಿ ಕಾಣುವುದಿಲ್ಲ.

ಕೊಠಡಿಯೊಳಗಿನ ಮೂವತ್ತು ನಿಮಿಷ

ರಾತ್ರಿ ಎರಡು ಗಂಟೆಗೆ ತಾಲ್ಲೂಕು ಆಸ್ಪತ್ರೆಗೆ ಎದೆನೋವಿನ ರೋಗಿ ಬಂದಾಗ ಏನೇನು ನಡೆಯಬೇಕೆಂಬುದನ್ನು ಗಮನಿಸಿದರೆ ಈ ಮಾತು ತಿಳಿಯುತ್ತದೆ. ಬಾಗಿಲಲ್ಲಿ ರೋಗಿಯನ್ನು ಮೊದಲು ನೋಡುವವರು ಸಾಮಾನ್ಯವಾಗಿ ಶುಶ್ರೂಷಾಧಿಕಾರಿ. ಹಿಂದೆ ಇವರನ್ನು ಸ್ಟಾಫ್ ನರ್ಸ್ ಎನ್ನುತ್ತಿದ್ದರು; ಹೆಸರು ದೊಡ್ಡದಾಯಿತು, ಪಾಳಿ ಚಿಕ್ಕದಾಗಲಿಲ್ಲ. ಇದು ಅಜೀರ್ಣವೋ ಹೃದಯಾಘಾತವೋ ಎಂಬ ಮೊದಲ ಸಂಶಯವನ್ನು ಪಡಬೇಕಾದವರು ಇವರು. ರೋಗಿ ಬಂದ ಹತ್ತು ನಿಮಿಷಗಳೊಳಗೆ ಇಸಿಜಿ ತೆಗೆಯಬೇಕು. ಎದೆಯ ಮೇಲಿನ ಆರು ತಂತಿಗಳಲ್ಲಿ ಒಂದು ಒಂದು ಪಕ್ಕೆಲುಬಿನಷ್ಟು ಮೇಲೆ ಕೂತರೂ ಕಾಗದದ ಮೇಲಿನ ರೇಖೆ ಬೇರೆ ಕಥೆ ಹೇಳುತ್ತದೆ. ದೂರದಲ್ಲಿ ಕುಳಿತ ತಜ್ಞರು ಓದುವುದು ಆ ರೇಖೆಯನ್ನೇ. ಒದ್ದೆ ಮೈ, ಬೆವರು, ಮಳೆಯಲ್ಲಿ ನೆನೆದು ಬಂದ ರೋಗಿಯ ನಡುಕ, ಇವೆಲ್ಲವೂ ರೇಖೆಯನ್ನು ಕೆಡಿಸುತ್ತವೆ. ಮೈ ಒರೆಸಿ, ಬೆಚ್ಚಗೆ ಮಾಡಿ, ಸಮಾಧಾನ ಹೇಳಿ ಮತ್ತೊಮ್ಮೆ ತೆಗೆಯಬೇಕು. ಯಾವ ತಂತ್ರಾಂಶವೂ ಈ ಕೆಲಸ ಮಾಡುವುದಿಲ್ಲ.

ವೈದ್ಯಾಧಿಕಾರಿಯ ಆದೇಶ ಬಂದ ಬಳಿಕ ಆಸ್ಪಿರಿನ್ ಮಾತ್ರೆ ಅಗಿಸುವುದು, ರಕ್ತನಾಳಕ್ಕೆ ಸೂಜಿ ಹಾಕುವುದು, ರೋಗಿಯ ತೂಕ ತಿಳಿಯುವುದು. ತೂಕವೇಕೆಂದರೆ ಟೆನೆಕ್ಟೆಪ್ಲೇಸಿನ ಪ್ರಮಾಣ ನಿರ್ಧಾರವಾಗುವುದು ಅದರಿಂದಲೇ. ಹಳೆಯ ಔಷಧಗಳಂತೆ ಗಂಟೆಗಟ್ಟಲೆ ಹನಿಹನಿಯಾಗಿ ಇಳಿಸಬೇಕಿಲ್ಲದೆ ಒಂದೇ ಸಲಕ್ಕೆ ಕೊಡಬಹುದಾದ್ದರಿಂದ ಇದು ಸಣ್ಣ ಆಸ್ಪತ್ರೆಗಳಿಗೆ ಹೇಳಿಮಾಡಿಸಿದಂತಿದೆ. ಆದರೆ ಹೆಪ್ಪು ಕರಗಿಸುವ ಔಷಧವು ಮಿದುಳಿನಲ್ಲಿ ರಕ್ತಸ್ರಾವವನ್ನೂ ಉಂಟುಮಾಡಬಲ್ಲದು. ಹಿಂದೆ ಪಾರ್ಶ್ವವಾಯು ಬಡಿದಿತ್ತೇ, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾಗಿದೆಯೇ, ರಕ್ತದೊತ್ತಡ ವಿಪರೀತ ಏರಿದೆಯೇ, ಅಡಿಕೆ ಮರದಿಂದ ಬಿದ್ದು ತಲೆಗೆ ಪೆಟ್ಟಾಗಿತ್ತೇ ಎಂದು ಗಾಬರಿಗೊಂಡ ಮನೆಯವರಿಂದ ಕೇಳಿ ತಿಳಿಯಬೇಕು. ಇಷ್ಟೂ ಕೆಲಸ ಅರ್ಧ ಗಂಟೆಯೊಳಗೆ ಮುಗಿಯಬೇಕು. ಔಷಧ ಕೊಟ್ಟ ಮೇಲೂ ಹೃದಯದ ಲಯ ಒಮ್ಮೆಲೇ ತಪ್ಪಬಹುದು. ವಿದ್ಯುದಾಘಾತ ನೀಡುವ ಯಂತ್ರದ ಪಕ್ಕದಲ್ಲಿ ಕಣ್ಣು ಕೀಲಿಸದೆ ನಿಲ್ಲಬೇಕು. ಅದೇ ಹೊತ್ತಿಗೆ ಹೆರಿಗೆ ಕೊಠಡಿಯಿಂದ ಕರೆ ಬಂದರೆ? ಒಂದೇ ಪಾಳಿಯಲ್ಲಿ ಎರಡು ಕಡೆ ನಿಲ್ಲಬೇಕಾದ ಅನಿವಾರ್ಯ ಸಣ್ಣ ಆಸ್ಪತ್ರೆಗಳಿಗೆ ಹೊಸದಲ್ಲ.

ಶೃಂಗೇರಿಗೆ 100 ಹಾಸಿಗೆಗಳ ಸುಸಜ್ಜಿತ ಆಸ್ಪತ್ರೆ ಬೇಕೆಂದು ಅಲ್ಲಿನ ಜನ ವರ್ಷಗಳಿಂದ ದನಿ ಎತ್ತಿದ್ದಾರೆ. ಬೇಡಿಕೆ ನ್ಯಾಯವಾದದ್ದೇ. ಆದರೆ ಆಸ್ಪತ್ರೆಯನ್ನು ಹಾಸಿಗೆಗಳ ಸಂಖ್ಯೆಯಿಂದ ಅಳೆಯುವ ನಮ್ಮ ರೂಢಿಯಲ್ಲಿ ರಾತ್ರಿ ಪಾಳಿಯಲ್ಲಿ ಎಷ್ಟು ಜನ ಎಚ್ಚರವಿರುತ್ತಾರೆ ಎಂಬ ಲೆಕ್ಕ ಹೊರಗುಳಿಯುತ್ತದೆ. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಗುತ್ತಿಗೆಯ ಮೇಲೆ ದುಡಿಯುವ ಶುಶ್ರೂಷಕರು 2023ರ ಆರಂಭದಲ್ಲಿ ಇತರ ಗುತ್ತಿಗೆ ನೌಕರರೊಂದಿಗೆ ಮುಷ್ಕರ ಹೂಡಿದ್ದನ್ನು ಇಲ್ಲಿ ನೆನೆಯಬಹುದು. ಇಸಿಜಿ, ತುರ್ತು ಔಷಧ, ಹೃದಯದ ಲಯದ ತರಬೇತಿ ಪಡೆದವರು ಒಪ್ಪಂದದ ಅವಧಿ ಮುಗಿದು ಬೇರೆಡೆಗೆ ಹೋದರೆ ತರಬೇತಿಯೂ ಅವರೊಂದಿಗೆ ಹೋಗುತ್ತದೆ.

ಬರೀ ಗ್ಯಾಸು ಎಂಬ ಮಾತು

ಆಸ್ಪತ್ರೆಯೊಳಗಿನ ಅರ್ಧ ಗಂಟೆಯನ್ನು ಸರಿಪಡಿಸಿದರೂ ಮನೆಯಲ್ಲಿ ಕಳೆದುಹೋಗುವ ಗಂಟೆಗಳು ಉಳಿಯುತ್ತವೆ. ಅರಿವಿನ ಕೆಲಸಕ್ಕೆ ನಿಜವಾದ ಜಾಗವಿರುವುದು ಇಲ್ಲಿ. ಎದೆ ಹಿಡಿದಂತಾದರೆ ಮಲೆನಾಡಿನ ಮನೆಯಲ್ಲಿ ಮೊದಲು ಬರುವ ಮಾತು, ಬರೀ ಗ್ಯಾಸು. ನಂತರ ಬರುವುದು ಜೀರಿಗೆ ಕಷಾಯ, ಅದರ ನಂತರ ಸೋಡಾ. ಬೆಳಗಾಗಲಿ, ನೋಡೋಣ ಎಂಬುದು ಕೊನೆಯ ಮಾತು. ಕೆಲವರ ಪಾಲಿಗೆ ಅಕ್ಷರಶಃ ಕೊನೆಯದು. ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ಎದೆಯ ನೋವೇ ಇಲ್ಲದೆ ಬರೀ ಸುಸ್ತು, ಉಬ್ಬಸ, ಬೆವರು, ದವಡೆ ಅಥವಾ ಬೆನ್ನಿನ ಸೆಳೆತವಾಗಿ ಹೃದಯಾಘಾತ ಕಾಣಿಸಿಕೊಳ್ಳಬಹುದು. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಸುಸ್ತು ಯಾರಿಗಿಲ್ಲ? ಹೀಗಾಗಿ ಹೆಂಗಸರ ಹೃದಯಾಘಾತವು ಕೆಲಸದ ದಣಿವಿನ ಹೆಸರಿನಲ್ಲಿ ಮರೆಯಾಗಿಬಿಡುವ ಸಂಭವ ಹೆಚ್ಚು.

ಹೃದ್ರೋಗದ ಹಿಂದಿರುವ ರಕ್ತದೊತ್ತಡವಂತೂ ಸದ್ದೇ ಮಾಡುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ಮೇಲ್ಪಟ್ಟ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಅಧಿಕ ರಕ್ತದೊತ್ತಡವಿದೆ. ದಿನಕ್ಕೆ ಐದು ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಉಪ್ಪಿನಲ್ಲಿಟ್ಟ ಹಲಸಿನ ತೊಳೆಗಳಿಂದ ಮಳೆಗಾಲ ಕಳೆಯುವ ಸೀಮೆಯಲ್ಲಿ ಈ ಮಾತನ್ನು ಫಲಕದ ಮೇಲೆ ಬರೆದರೆ ಯಾರೂ ಓದುವುದಿಲ್ಲ. ಅಡುಗೆಮನೆಯ ಜಗುಲಿಯಲ್ಲಿ ಕುಳಿತು ಭರಣಿಯನ್ನು ನೋಡಿಯೇ ಹೇಳಬೇಕು. ತಂಬಾಕಿನ ಮಾತೂ ಅಷ್ಟೇ ಸೂಕ್ಷ್ಮವಾದದ್ದು. ಕವಳದ ಬಟ್ಟಲಿನಲ್ಲಿ ಎಲೆ, ಅಡಿಕೆ, ಸುಣ್ಣದೊಂದಿಗೆ ಹೊಗೆಸೊಪ್ಪೂ ಇರುತ್ತದೆ. ಎಲೆಚುಕ್ಕಿ ಮತ್ತು ಹಳದಿ ಎಲೆ ರೋಗದಿಂದ ಕಂಗಾಲಾದ ಬೆಳೆಗಾರರ ಮುಂದೆ ಅಡಿಕೆಯ ವಿರುದ್ಧ ಭಾಷಣ ಬಿಗಿದರೆ ಹೊಗೆಸೊಪ್ಪಿನ ವಿರುದ್ಧದ ಮಾತೂ ಕೇಳಿಸದೆ ಹೋಗುತ್ತದೆ.

ಜಗುಲಿಯವರೆಗೆ ಹೋಗುವವರು ಯಾರು? 2024ರಲ್ಲಿ ಕೋಲಾರದಲ್ಲಿ ಆರಂಭವಾಗಿ ಬಳಿಕ ರಾಜ್ಯಕ್ಕೆ ವಿಸ್ತರಿಸಿದ ಗೃಹ ಆರೋಗ್ಯ ಯೋಜನೆಯಡಿ ಸಮುದಾಯ ಆರೋಗ್ಯಾಧಿಕಾರಿ, ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಮತ್ತು ಆಶಾ ಕಾರ್ಯಕರ್ತೆಯರು ಮನೆಮನೆಗೆ ತೆರಳಿ ರಕ್ತದೊತ್ತಡ, ಸಕ್ಕರೆ ತಪಾಸಣೆ ನಡೆಸಬೇಕು. ಸಮುದಾಯ ಆರೋಗ್ಯಾಧಿಕಾರಿಗಳಲ್ಲಿ ಬಹುತೇಕರು ನರ್ಸಿಂಗ್ ಪದವೀಧರರು. ಬಯಲುಸೀಮೆಯ ಬೀದಿಯೊಂದರಲ್ಲಿ ಒಂದು ಬೆಳಗಿನಲ್ಲಿ ಮುಗಿಯುವ ಮನೆಗಳನ್ನು ನೋಡಲು ಮಲೆನಾಡಿನಲ್ಲಿ ಹಳ್ಳ, ಸಂಕ, ಗುಡ್ಡ ದಾಟಿ ದಿನಗಟ್ಟಲೆ ನಡೆಯಬೇಕು. ಗುರಿಯ ಸಂಖ್ಯೆ ಮಾತ್ರ ಎರಡೂ ಕಡೆ ಒಂದೇ ಅಳತೆಗೋಲಿನದಾದರೆ ಅನ್ಯಾಯವಾಗುವುದು ಮಲೆನಾಡಿಗೆ.

ಇವರ ಕೆಲಸಕ್ಕೂ ಒಂದು ಋತುಚಕ್ರವಿದೆ. ಡಿಸೆಂಬರ್ ಬಂತೆಂದರೆ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಜ್ವರ ಇತ್ತೀಚಿನ ವರ್ಷಗಳಲ್ಲಿ ಚಿಕ್ಕಮಗಳೂರು ಜಿಲ್ಲೆಯ ಈ ಭಾಗದಲ್ಲಿಯೂ ಜೀವಗಳನ್ನು ತೆಗೆದುಕೊಂಡಿದೆ. ಬೇಸಿಗೆ ಮುಗಿಯುವವರೆಗೆ ಉಣುಗು ತಡೆಯುವ ತೈಲ ಹಂಚಿಕೆ, ಜ್ವರ ಸಮೀಕ್ಷೆ. ಜೂನ್‌ನಿಂದ ಡೆಂಗಿ, ಇಲಿಜ್ವರ. ಹೃದಯದ ಸರದಿ ಬರುವುದು ಸೆಪ್ಟೆಂಬರ್ 29ಕ್ಕೆ, ಅದೂ ಒಂದು ದಿನದ ಮಟ್ಟಿಗೆ. ಜ್ವರದ ಸಮೀಕ್ಷೆಗೆಂದು ಹೇಗೂ ಏರುವ ಜಗುಲಿಯಲ್ಲಿ ರಕ್ತದೊತ್ತಡದ ಪಟ್ಟಿಯನ್ನೂ ತೋಳಿಗೆ ಸುತ್ತಿದರೆ, ಮಾತ್ರೆ ನಿಲ್ಲಿಸಿದವರ ಹೆಸರು ಬರೆದುಕೊಂಡರೆ ಹೃದಯಕ್ಕೆ ಬೇರೆ ಹಂಗಾಮು ಬೇಕಾಗುವುದಿಲ್ಲ.

ಗೌರವ ಎಂಬುದರ ಅರ್ಥ

ಪಶ್ಚಿಮದಲ್ಲಿ ಶುಶ್ರೂಷಾ ವೃತ್ತಿಗೆ ಗೌರವ ಸಂಘಗಳ ಪರಂಪರೆಯೊಂದಿದೆ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ನರ್ಸಿಂಗ್ ಶಾಲೆಯಲ್ಲಿ ಆರು ವಿದ್ಯಾರ್ಥಿನಿಯರು 1922ರಲ್ಲಿ ಕಟ್ಟಿದ ಸಿಗ್ಮಾ ಥೀಟಾ ಟೌ ಇಂದು ಹಲವು ದೇಶಗಳಲ್ಲಿ ಶಾಖೆಗಳನ್ನು ಹೊಂದಿದೆ. ವ್ಯಾಸಂಗದಲ್ಲಿ ಮುಂದಿರುವವರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳುವುದು ಅದರ ಕ್ರಮ. ಆ ದೇಶದಲ್ಲಿ 1964ರಿಂದ ಫೆಬ್ರವರಿಯು ಹೃದಯದ ತಿಂಗಳು. ಚಳಿಗಾಲದ ಕಾರ್ಯಕ್ರಮಗಳ ಜೊತೆಗೆ ಹೃದಯದ ಅರಿವೂ ನಡೆಯುತ್ತದೆ. ನಮ್ಮಲ್ಲಿ ಭಾರತೀಯ ತರಬೇತಾದ ದಾದಿಯರ ಸಂಘ 1908ರಿಂದಲೂ, ಅದರ ವಿದ್ಯಾರ್ಥಿ ಘಟಕ 1929ರಿಂದಲೂ ಇವೆ. 1973ರಿಂದ ಕೇಂದ್ರ ಸರ್ಕಾರ ಫ್ಲಾರೆನ್ಸ್ ನೈಟಿಂಗೇಲ್ ರಾಷ್ಟ್ರೀಯ ಪ್ರಶಸ್ತಿ ನೀಡುತ್ತಿದೆ. ಮೇ 12ರಂದು ದೀಪ ಬೆಳಗಿಸಿ ಪ್ರತಿಜ್ಞೆ ಸ್ವೀಕರಿಸುವುದು, ಸೆಪ್ಟೆಂಬರ್‌ನಲ್ಲಿ ಜಾಥಾ ನಡೆಸುವುದು ನಮ್ಮ ಕಾಲೇಜುಗಳ ವಾರ್ಷಿಕ ಪದ್ಧತಿ. ಇದನ್ನು ಹಗುರವಾಗಿ ಕಾಣಬೇಕಾಗಿಲ್ಲ. ಹದಿನೆಂಟರ ಹುಡುಗಿಯೊಬ್ಬಳು ಧ್ವನಿವರ್ಧಕ ಹಿಡಿದು ವೃತ್ತದಲ್ಲಿ ಮಾತನಾಡಲು ಕಲಿಯುವುದೂ ಸಣ್ಣದೇನಲ್ಲ. ಆದರೆ ಇದೇ ವಿದ್ಯಾರ್ಥಿಗಳು ವರ್ಷಕ್ಕೊಂದು ಬೆಳಗು ಬಸ್ ನಿಲ್ದಾಣದ ಚಾಲಕ ನಿರ್ವಾಹಕರಿಗೆ, ಸಹಕಾರ ಸಂಘದ ಅಡಿಕೆ ಮಂಡಿಯ ಹಮಾಲರಿಗೆ, ಪ್ರೌಢಶಾಲೆಯ ಮಕ್ಕಳಿಗೆ ಎದೆ ಒತ್ತುವ ಕ್ರಮವನ್ನು ಬೊಂಬೆಯ ಮೇಲೆ ಕಲಿಸಿದರೆ ಫಲಕಕ್ಕಿಂತ ಹೆಚ್ಚಿನ ಕೆಲಸವಾದೀತು. ನಿಮಿಷಕ್ಕೆ 100ರಿಂದ 120 ಬಾರಿ, ಐದು ಸೆಂಟಿಮೀಟರ್ ಆಳಕ್ಕೆ. ಕಲಿಯಲು ಒಂದು ಗಂಟೆ ಸಾಕು.

ಹೊರಗಿನ ಯೋಜನೆಗಾಗಿ ಕಾಯದೆ ಕೆಲಸ ಆರಂಭಿಸಿದ ಉದಾಹರಣೆ ಹತ್ತಿರದಲ್ಲಿಯೇ ಇದೆ. ಮಂಗಳೂರಿನ ಕೆಎಂಸಿ ಆಸ್ಪತ್ರೆಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು 2018ರಲ್ಲಿ ಆರಂಭಿಸಿದ, ಮನೆಬಾಗಿಲಿಗೆ ಹೃದ್ರೋಗ ಚಿಕಿತ್ಸೆ ಎಂಬ ಅರ್ಥದ ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್ ಯೋಜನೆಯು ಕರಾವಳಿ ಮತ್ತು ಮಲೆನಾಡಿನ ಗ್ರಾಮೀಣ ಚಿಕಿತ್ಸಾಲಯಗಳಿಗೆ ಇಸಿಜಿ ಯಂತ್ರಗಳನ್ನು ಒದಗಿಸಿ, ವಾಟ್ಸ್‌ಆ್ಯಪ್ ಗುಂಪಿನ ಮೂಲಕ ತಜ್ಞರ ಸಲಹೆ ದೊರಕಿಸಿತು. ಸರ್ಕಾರದ ಹೃದಯಜ್ಯೋತಿಗಿಂತ ವರ್ಷಗಳ ಮೊದಲೇ ಹಳ್ಳಿಯ ವೈದ್ಯರೊಬ್ಬರು ಕಾಗದದ ಪಟ್ಟಿಯ ಛಾಯಾಚಿತ್ರ ಕಳುಹಿಸಿ ನಿಮಿಷಗಳಲ್ಲಿ ಉತ್ತರ ಪಡೆಯುವುದು ಸಾಧ್ಯವಾಗಿತ್ತು. ಅಂಚೆಯ ಕೆಲಸವನ್ನು ಮೊಬೈಲ್ ಮಾಡಿತು, ಅಷ್ಟೆ.

ಆ ಮೊಬೈಲೇ ಮಲೆನಾಡಿನ ಮತ್ತೊಂದು ಗೋಳು. ಕೋವಿಡ್ ಕಾಲದಲ್ಲಿ ಆನ್‌ಲೈನ್ ಪಾಠಕ್ಕಾಗಿ ಮಕ್ಕಳು ಗುಡ್ಡ ಹತ್ತಿ ಪ್ಲಾಸ್ಟಿಕ್ ಹೊದಿಕೆಯಡಿ ಕುಳಿತ ಚಿತ್ರಗಳನ್ನು ರಾಜ್ಯ ಮರೆತಿರಲಾರದು. ಋಷ್ಯಶೃಂಗನ ಕಿಗ್ಗದಂತಹ ಊರುಗಳಲ್ಲಿ ಮಳೆಯ ಕೊರತೆ ಎಂದೂ ಇಲ್ಲ. ಸಂಕೇತದ್ದು ಮತ್ತು ವಿದ್ಯುತ್ತಿನದು ಇದೆ. 2008ರ ನವೆಂಬರ್‌ನಲ್ಲಿ ಆರಂಭವಾದ 108 ಆಂಬುಲೆನ್ಸ್ ಸೇವೆಯನ್ನು ಕರೆಯಲೂ ದೂರವಾಣಿ ಹಿಡಿದು ಅಂಗಳದ ಮೂಲೆ ಹುಡುಕಬೇಕಾದ ಮನೆಗಳಿವೆ. ತಾಲ್ಲೂಕು ಆಸ್ಪತ್ರೆಗೆ ಪ್ರತ್ಯೇಕ ಇಂಟರ್‌ನೆಟ್ ತಂತಿ, ಇಸಿಜಿ ಕೊಠಡಿಗೆ ಬ್ಯಾಟರಿ ಬೆಂಬಲ ಇವೆರಡೂ ಯೋಜನೆಯ ಭಾಗವಾಗಿರಬೇಕೇ ಹೊರತು ಆಮೇಲೆ ನೆನಪಾಗುವ ಸಂಗತಿಗಳಾಗಬಾರದು.

ಹಠಾತ್ ಸಾವಿನ ಮರಣೋತ್ತರ ಪರೀಕ್ಷೆಯ ನಿಯಮಕ್ಕೂ ಇಲ್ಲಿ ತೊಡಕಿದೆ. ತೋಟದ ಮನೆಯಲ್ಲಿ ತೀರಿಕೊಂಡ ಹಿರಿಯರ ದೇಹವನ್ನು ತಾಲ್ಲೂಕು ಕೇಂದ್ರಕ್ಕೆ ಒಯ್ಯಲು ಎಷ್ಟು ಕುಟುಂಬಗಳು ಒಪ್ಪುತ್ತವೆ? ಒಪ್ಪಿಸುವ ಕೆಲಸವೂ ಕೊನೆಗೆ ಆ ಮನೆಯ ಪರಿಚಯವಿರುವ ಆರೋಗ್ಯ ಸಹಾಯಕಿಯ ಹೆಗಲಿಗೇ ಬೀಳುತ್ತದೆ.

ಮುಂದಿನ ಹೃದಯ ದಿನದಂದು ಮೂರೂ ತಾಲ್ಲೂಕುಗಳ ಆಸ್ಪತ್ರೆಗಳು ಜಾಥಾದ ಛಾಯಾಚಿತ್ರದೊಂದಿಗೆ ಇನ್ನು ನಾಲ್ಕು ಲೆಕ್ಕಗಳನ್ನು ಪ್ರಕಟಿಸುವುದು ಕಷ್ಟವೇನಲ್ಲ. ವರ್ಷದಲ್ಲಿ ಎದೆನೋವೆಂದು ಬಂದವರೆಷ್ಟು, ಹತ್ತು ನಿಮಿಷದೊಳಗೆ ಇಸಿಜಿ ಆದವರೆಷ್ಟು, ಚುಚ್ಚುಮದ್ದು ಪಡೆದವರೆಷ್ಟು, ರಾತ್ರಿ ಪಾಳಿಯಲ್ಲಿ ತರಬೇತಿ ಪಡೆದ ಶುಶ್ರೂಷಾಧಿಕಾರಿ ಇಲ್ಲದ ದಿನಗಳೆಷ್ಟು. ದಾಖಲೆ ಪುಸ್ತಕವನ್ನು ಅವರೇ ಬರೆಯುತ್ತಾರೆ. ಕೇಳುವವರಿದ್ದರೆ ಉತ್ತರ ಅದರಲ್ಲಿಯೇ ಇದೆ.